ಹೊಳ್ಳಿ ಹೇಳ್ರಿ ನೋಡೂಣು

ನಮ್ಮ ಕಾಕಾನಿಗೆ ಕಪ್ಪೆಗಳ ಮಾತು ಚೆನ್ನಾಗಿ ತಿಳಿಯುತ್ತಿತ್ತು. ತೊಡಕಾಗುತ್ತಿದ್ದದ್ದು ಮನುಷ್ಯರದು! ಇದು ನಾನು ಹೇಳುವ ಚಾಡಿಯಲ್ಲ, ಸ್ವತಃ ಅವನೇ ನಾಲ್ಕು ಜನರೆದುರು ಒಪ್ಪಿಕೊಂಡ ಸಂಗತಿ. ಕಪ್ಪೆ ಕೂಗಿದರೆ ಅದು ಹೆಣ್ಣನ್ನು ಕರೆಯುತ್ತಿದೆಯೋ, ಪಕ್ಕದ ಗಂಡಿಗೆ ‘ದೂರ ಸರಿ’ ಎನ್ನುತ್ತಿದೆಯೋ, ಹಾವಿನ ಬಾಯಿಗೆ ಸಿಕ್ಕು ಒದ್ದಾಡುತ್ತಿದೆಯೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆದರೆ ಎದುರಿಗೆ ಕೂತ ಮನುಷ್ಯ ಮತ್ತೆ ಮತ್ತೆ ಗಡಿಯಾರ ನೋಡಿಕೊಂಡರೆ ‘ಇನ್ನು ಸಾಕು’ ಎಂದು ಅರ್ಥ ಅನ್ನುವುದು ಮಾತ್ರ ಅವನಿಗೆ ಎಂದೂ ತಿಳಿಯಲಿಲ್ಲ.

ಕಾಕಾ ಎಂದರೆ ನಮ್ಮಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಬೆಳಗಾವಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ಟಿಳಕವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಎರಡು ಖೋಲಿ ಹಿಡಿದು ಒಬ್ಬನೇ ಇದ್ದ. ಒಬ್ಬನೇ ಅನ್ನುವುದು ನಮ್ಮ ಲೆಕ್ಕ. ಎರಡನೆಯ ಖೋಲಿಯ ಗಾಜಿನ ಭರಣಿಗಳಲ್ಲಿ ಔಷಧದ ನೀರು ಕುಡಿದು ಮಲಗಿದ್ದ ಕಪ್ಪೆಗಳನ್ನೂ ಸೇರಿಸಿಕೊಂಡರೆ ಅದು ದೊಡ್ಡ ಅವಿಭಕ್ತ ಕುಟುಂಬ! ಊರಿಂದ ನೆಂಟರು ಬಂದರೆ ಅವರಿಗೆ ಆ ಖೋಲಿಯಲ್ಲೇ ಹಾಸಿಗೆ ಹಾಸುತ್ತಿದ್ದ. ಹಾಗೆ ಒಮ್ಮೆ ಮಲಗಿದ ನೆಂಟರು ಎರಡನೆಯ ಸಲ ಬಂದದ್ದನ್ನು ನಾನು ಕಂಡಿಲ್ಲ.

ಖಾನಾಪುರದ ಕಡೆಯ ಗದ್ದೆಗಳಲ್ಲಿ, ಗುಂಜಿಯ ಕಾಡಂಚಿನಲ್ಲಿ ಎಷ್ಟೋ ಮಳೆಗಾಲ ನೆನೆದು, ಶೀತ ಕೆಮ್ಮುಗಳನ್ನು ಖಾಯಂ ಮಾಡಿಕೊಂಡು, ಕಪ್ಪೆಗಳ ಕೂಗಿನ ಮೇಲೆ ಅವನೊಂದು ಪ್ರಬಂಧ ಬರೆದಿದ್ದ. ಇಂಗ್ಲೀಷಿನಲ್ಲಿ. ಅದರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಲು ಆಗುತ್ತಿರಲಿಲ್ಲ, ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಕಪ್ಪು ರೆಕ್ಸಿನ್ ಹೊದಿಕೆ, ಬಂಗಾರದ ಅಕ್ಷರ. ಕಾಲೇಜಿನ ಗ್ರಂಥಾಲಯದವರು ಅದನ್ನು ಬಹಳ ಗೌರವದಿಂದ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಆ ಕೀಲಿಕೈ ಎಲ್ಲಿದೆ ಎಂಬುದು ಇನ್ನೊಂದು ಸಂಶೋಧನೆಯ ವಿಷಯವಾಯಿತು. ಆ ಪ್ರಬಂಧವನ್ನು ಜಗತ್ತಿನಲ್ಲಿ ಪರೀಕ್ಷಕರಿಬ್ಬರು ಓದಿದ್ದರಂತೆ. ಅವರಲ್ಲಿ ಒಬ್ಬರು ಪೂರ್ತಿ ಓದಿರಲಿಕ್ಕಿಲ್ಲ ಎಂದು ಕಾಕಾನಿಗೇ ಗುಮಾನಿ ಇತ್ತು.

ಪದವಿ ಬಂದ ದಿನ ಪೇಢೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅಪ್ಪ ಬೆನ್ನು ತಟ್ಟಿದ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಕಾಕಾ ಇನ್ನೂ ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದನಂತೆ. ಹಾಗಾಗಿ ಅವಳಿಗೆ ಅವನು ಎಂದಿಗೂ ‘ತಮ್ಮಾ’ನೇ. ಅವಳು ಪೇಢೆ ಬಾಯಿಗೆ ಹಾಕಿಕೊಂಡು ಸಹಜವಾಗಿ ಕೇಳಿದಳು:

“ತಮ್ಮಾ, ಇಷ್ಟ ವರ್ಷ ಮಳ್ಯಾಗ ತೊಯ್ಸಿಕೊಂಡು ಏನ ಕಂಡ ಹಿಡದೀಪಾ? ನನಗೂ ಒಂಚೂರು ಹೇಳು.”

ಕಾಕಾ ಬಾಯಿ ತೆರೆದ. ಮುಚ್ಚಿದ. ಇಂಗ್ಲೀಷಿನಲ್ಲಿ ಶುರುಮಾಡಿ ಅವ್ವನ ಮುಖ ನೋಡಿ ನಿಲ್ಲಿಸಿದ. ಆಮೇಲೆ ಶಬ್ದಕೋಶದ ಕನ್ನಡ ಹೊರಗೆ ಬಂತು: “ಉಭಯವಾಸಿಗಳ ಪ್ರಜನನ ಕಾಲದ ಧ್ವನಿ ಸಂವಹನದಲ್ಲಿ...”

ಅವ್ವ ತಲೆಯಾಡಿಸುತ್ತ ಪೂರ್ತಿ ಕೇಳಿದಳು. ಕೊನೆಗೆ ಕೇಳಿದಳು, “ಇದೂ ಇಂಗ್ಲೀಷಽ ಏನ?”

ಅಪ್ಪ, ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕಾಕಾ ನಗಲಿಲ್ಲ. ತಾನು ತಂದ ಪೇಢೆಯನ್ನು ತಾನೇ ತಿನ್ನದೆ ಎದ್ದು ಹೋದ. ಮರುದಿನ ಬಂದವನೇ ಘೋಷಣೆ ಹೊರಡಿಸಿದ. ಆ ಪ್ರಬಂಧವನ್ನು ಕನ್ನಡದಲ್ಲಿ ಪುಸ್ತಕವಾಗಿ ಬರೆಯುತ್ತಾನಂತೆ. ಕಾಲೇಜಿನ ಮೆಟ್ಟಿಲು ತುಳಿಯದವರಿಗೂ ತಿಳಿಯಬೇಕಂತೆ. ಅದಕ್ಕೊಂದು ನಿಯಮವನ್ನೂ ಹಾಕಿಕೊಂಡಿದ್ದ. ಬರೆದ ಪ್ರತಿಯೊಂದು ಹಾಳೆಯನ್ನು ಯಾರಿಗಾದರೂ ಓದಿ ಹೇಳಬೇಕು, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದರೆ ಹಾಳೆ ಪಾಸು. ತಡವರಿಸಿದರೆ ಹಾಳೆ ನಪಾಸು, ಹೊಸದಾಗಿ ಬರೆಯಬೇಕು. ಕೇಳಿದವರು ನಪಾಸಲ್ಲ, ಅದು ಅವನ ದೊಡ್ಡ ಗುಣ!

ಅಂದಿನಿಂದ ಟಿಳಕವಾಡಿಯ ಶಾಂತಿ ಹೋಯಿತು. ಹೆಗಲಿಗೆ ಖಾದಿ ಪಿಶವಿ, ಪಿಶವಿಯಲ್ಲಿ ಹಾಳೆ, ಬಾಯಲ್ಲಿ ಒಂದೇ ಮಂತ್ರ: “ತಿಳೀತ್ರಿ? ಹೊಳ್ಳಿ ಹೇಳ್ರಿ ನೋಡೂಣು!” ಹಾಲಿನವನು, ಚಪ್ಪಲಿ ಹೊಲಿಯುವವನು, ಬಾಜು ಮನೆಯ ಅಜ್ಜಿ, ಯಾರನ್ನೂ ಬಿಡಲಿಲ್ಲ. ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆ ನುಂಗುತ್ತಿದ್ದಾಗ, ಕಪ್ಪೆ ತುತ್ತು ನುಂಗುವಾಗ ಕಣ್ಣುಗುಡ್ಡೆಗಳನ್ನು ಒಳಗೆಳೆದುಕೊಂಡು ಅವುಗಳಿಂದಲೇ ತುತ್ತನ್ನು ಕೆಳಗೆ ದೂಡುತ್ತದೆ ಎಂದು ವಿವರಿಸಿ, ಹೊಳ್ಳಿ ಹೇಳಲು ಕೇಳಿದ. ಆ ಮನುಷ್ಯ ಹೊಳ್ಳಿ ಹೇಳಲಿಲ್ಲ, ಹೋಳಿಗೆಯನ್ನೂ ಮುಟ್ಟಲಿಲ್ಲ. ನಮ್ಮಪ್ಪನೋ, ತಮ್ಮ ಬರುವ ಸಪ್ಪಳ ಕೇಳಿದ ಕೂಡಲೇ ಪತ್ರಿಕೆಯನ್ನು ಅಗಲಿಸಿ ಮುಖಕ್ಕೆ ಗೋಡೆ ಕಟ್ಟಿಕೊಳ್ಳುತ್ತಿದ್ದ. ಒಮ್ಮೆ ಅವಸರದಲ್ಲಿ ಅದನ್ನು ತಲೆಕೆಳಗು ಹಿಡಿದಿದ್ದ. ಕಾಕಾ ಅದನ್ನೂ ಗಮನಿಸದೆ ಆ ಪತ್ರಿಕೆಗೇ ಎರಡು ಹಾಳೆ ಓದಿ ಹೇಳಿದ.

ಓಡಿ ಹೋಗಲಾಗದ ಜನ ಎಲ್ಲಿ ಸಿಗುತ್ತಾರೆ? ಬಹಳ ವಿಚಾರ ಮಾಡಿ ಕಾಕಾ ಹಿಟ್ಟಿನ ಗಿರಣಿಯನ್ನು ಕಂಡುಕೊಂಡ. ಜೋಳದ ಡಬ್ಬಿ ಪಾಳಿಯಲ್ಲಿ ಇಟ್ಟವರು ಡಬ್ಬಿ ಬಿಟ್ಟು ಎಲ್ಲಿಗೆ ಹೋದಾರು? ಗಿರಣಿಯ ಗದ್ದಲಕ್ಕೆ ಸಾಮಾನ್ಯ ಧ್ವನಿ ಸಾಲದು, ಅದಕ್ಕಾಗಿ ಅಲ್ಲಿ ಅರಚಿ ಓದುತ್ತಿದ್ದ. ಒಂದು ಸಂಜೆ ನಾನೂ ಡಬ್ಬಿ ಹಿಡಿದು ನಿಂತಿದ್ದೆ. ಕಾಕಾ ನರ ಉಬ್ಬಿಸಿ ಓದುತ್ತಿದ್ದ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಯಂತ್ರದ ಪಟ್ಟಿ ನಿಂತಿತು, ಗಿರಣಿ ಮೌನವಾಯಿತು. ಆ ಮೌನದಲ್ಲಿ ಇಡೀ ಗಲ್ಲಿಗೆ ಕೇಳುವಂತೆ ನಮ್ಮ ಕಾಕಾನ ಒಂದು ವಾಕ್ಯ ಮೊಳಗಿತು:

“ಬಾ, ನನ್ನ ಬಾಜೂಕ ಬಾ ಅಂತ ಗಂಡು ಹೆಣ್ಣನ್ನ ಕರೀತೈತಿ!”

ಪಾಳಿಯಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಎದುರಿನ ಮನೆಯ ಕಿಟಕಿಗಳು ತೆರೆದವು. ನಾನು ಡಬ್ಬಿಯನ್ನು ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳಿದೆ. ಅದೇನು ಕಾಕಾನಿಗೆ ನಾಚಿಕೆಯಾಯಿತೇ? ಕರೆಂಟು ಹೋದದ್ದು ಒಳ್ಳೆಯದೇ ಆಯಿತು ಎಂದುಕೊಂಡು ಮುಂದಿನ ಹಾಳೆ ತೆಗೆದನಂತೆ! ಹುಬ್ಬಿನವರೆಗೂ ಬೆಳ್ಳಗಾಗಿದ್ದ ಗಿರಣಿ ಮಾಲಕ ಅಂದು ಬೇರೆ ದಾರಿ ಇಲ್ಲದೆ ಪೂರ್ತಿ ಕೇಳಿದ. ‘ಧ್ವನಿಕೋಶ’ ಎಂಬಲ್ಲಿ ತಡೆದು, “ಸರ್, ಅದಕ್ಯಾಕ ಅಷ್ಟು ಒದ್ದಾಡ್ತೀರಿ? ಗಂಟಲಾಗ ಫುಗ್ಗಾ ಉಬ್ಬಿಸ್ತೈತಿ ಅಂತ ಬರೀರಲ್ಲ” ಎಂದ. ಕಾಕಾ ಅವನನ್ನು ತಬ್ಬಿಕೊಂಡು ಮೈತುಂಬ ಹಿಟ್ಟು ಮಾಡಿಕೊಂಡು ಮನೆಗೆ ಬಂದ.

ಆದರೆ ಎಲ್ಲರಿಗಿಂತ ಹೆಚ್ಚು ಹಾಳೆ ಪಾಸು ಮಾಡಿದವಳು ಅವ್ವ. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಕಾಕಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದ. ಅವಳ ಕೈ ರೊಟ್ಟಿಯ ಮೇಲೆ, ಕಿವಿ ಕಪ್ಪೆಯ ಮೇಲೆ. ‘ಉಭಯವಾಸಿ’ ಎಂಬ ಹಾಳೆ ಊರಲ್ಲೆಲ್ಲ ನಪಾಸಾಗಿ ಬಂದಿತ್ತು. ನೀರಲ್ಲಿ ಹುಟ್ಟಿ, ನೆಲದ ಮೇಲೆ ಬದುಕಿ, ಮೊಟ್ಟೆ ಇಡಲು ಮತ್ತೆ ನೀರಿಗೆ ಬರುವ ಕಥೆಯನ್ನು ಕಾಕಾ ಏಳೆಂಟು ಥರ ಬರೆದು ಸೋತಿದ್ದ. ಅವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಹೊಳ್ಳಿ ಹೇಳಿದಳು:

“ಅಂದ್ರ ಕಪ್ಪಿಗೆ ನೀರು ತವರಮನಿ, ನೆಲ ಗಂಡನ ಮನಿ. ಬಾಳೇವು ಮಾಡೂದು ನೆಲದ ಮ್ಯಾಲೆ. ಖರೇ, ಹಡ್ಯಾಕ ಮಾತ್ರ ತವರಮನಿಗೇ ಹೋಗ್ತೈತಿ. ಹೌದಲ್ಲೋ?”

ಕಾಕಾ ಕೂತಲ್ಲಿಂದ ಎದ್ದ ರಭಸಕ್ಕೆ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. “ವೈನೀ! ಇನ್ನೊಮ್ಮೆ ಹೇಳ್ರಿ, ಇನ್ನೊಮ್ಮೆ!” ಎಂದು ಅಲ್ಲೇ ನಿಂತು ಬರೆದುಕೊಂಡ. ಹಣೆಗೆ ಬುಗುಟು ಬಂದದ್ದು ಗೊತ್ತಾದದ್ದು ಮರುದಿನವೇ.

ಅವನಿಗೊಂದು ಮದುವೆ ಮಾಡಬೇಕೆಂದು ಅವ್ವನಿಗೆ ಬಹಳ ಆಸೆ. ಅದಕ್ಕಾಗಿ ಬೈಲಹೊಂಗಲದ ಕಡೆಯ ಒಂದು ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆವು. ಪಿಶವಿ ಬೇಡವೆಂದು ಅವ್ವ ಬಸ್ ಸ್ಟ್ಯಾಂಡಿನವರೆಗೂ ಹೇಳಿದಳು. ಅವನು ಪಿಶವಿ ಬಿಟ್ಟ, ಹಾಳೆಯನ್ನು ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡ! ಉಪ್ಪಿಟ್ಟು, ಚಹಾ ಆಯಿತು. ಹುಡುಗಿ ಬಂದು ಕೂತಳು. ಹುಡುಗಿಯ ಅಪ್ಪ ಪದ್ಧತಿಯಂತೆ, “ನಮ್ಮ ಹುಡಿಗೀನ ಏನರ ಕೇಳೂದಿದ್ರ ಕೇಳ್ರಿ” ಎಂದರು. ಕಾಕಾ ಕಿಸೆಯಿಂದ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು, ಒಂದು ಪುಟ ಪೂರ್ತಿ ಓದಿ, “ಹೊಳ್ಳಿ ಹೇಳ್ರಿ ನೋಡೂಣು” ಅಂದುಬಿಟ್ಟ.

ಅವ್ವ ಹಣೆ ಚಚ್ಚಿಕೊಂಡಳು. ಆದರೆ ಆ ಹುಡುಗಿ ಇದ್ದಳಲ್ಲ, ಒಂದಕ್ಷರ ತಪ್ಪದೆ ಹೊಳ್ಳಿ ಹೇಳಿದಳು! ಅಷ್ಟೇ ಅಲ್ಲ, ತಲೆ ಎತ್ತಿ ಕೇಳಿದಳು: “ಬರೇ ಗಂಡಽ ಕೂಗ್ತೈತಿ ಅಂದ್ರಿ. ಹೆಣ್ಣಕಪ್ಪಿಗೂ ಏನರ ಹೇಳೂದಿದ್ರ ಏನ ಮಾಡ್ತೈತ್ರಿ?”

ಕಾಕಾನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಈ ಪ್ರಶ್ನೆಯನ್ನು ಪರೀಕ್ಷಕರೂ ಕೇಳಿರಲಿಲ್ಲವಂತೆ. ಉತ್ತರ ಶುರುವಾದದ್ದು ಊಟದ ಹೊತ್ತಿಗೂ ಮುಗಿಯಲಿಲ್ಲ. ಹಿರಿಯರು ಆಡಬೇಕಾದ ಮಾತುಕತೆ, ಮುಹೂರ್ತ, ಯಾವುದಕ್ಕೂ ಎಡೆಯೇ ಸಿಗಲಿಲ್ಲ. ವಾರದ ಮೇಲೆ ಅವರಿಂದ ಸುದ್ದಿ ಬಂತು, “ಹುಡುಗ ಭಾಳ ಶಾಣ್ಯಾ ಅದಾನ್ರಿ. ಸಂಸಾರಕ್ಕ ನಾವು ಬ್ಯಾರೆ ಕಡೆ ನೋಡ್ತೀವಿ.”

ಕಾಕಾ ಕೇಳಿ ಸುಮ್ಮನೆ ತಲೆಯಾಡಿಸಿದ. ಅವ್ವ ಸಿಟ್ಟಿನಿಂದ, “ಅಷ್ಟೊತ್ತು ಮಾತಾಡಿದೆಲ್ಲ, ಆ ಹುಡಿಗಿ ಹೆಸರರ ಕೇಳಿದ್ಯಾ?” ಎಂದಳು. ಅವನು ಕಣ್ಣು ಪಿಳಿಪಿಳಿ ಮಾಡಿದ. ಕೇಳಿರಲಿಲ್ಲ! “ಪ್ರಶ್ನಿ ಮಾತ್ರ ಛಲೋ ಇತ್ತು ವೈನಿ” ಎಂದಷ್ಟೇ ಹೇಳಿದ. ಪುಸ್ತಕದ ಒಂದು ಅಧ್ಯಾಯಕ್ಕೆ ಆ ಪ್ರಶ್ನೆಯನ್ನೇ ಹೆಸರಾಗಿ ಇಟ್ಟ. ಆ ಅಧ್ಯಾಯವನ್ನು ಮಾತ್ರ ಅವನು ಯಾರಿಗೂ ಓದಿ ಹೇಳಲಿಲ್ಲ. ಅವ್ವ ಮತ್ತೆ ಎರಡು ಮೂರು ಕಡೆ ಹೆಣ್ಣು ತೋರಿಸುವ ಮಾತೆತ್ತಿದಳು. ಅವನು ಪುಸ್ತಕ ಮುಗಿಯಲಿ ಎನ್ನುತ್ತ ಹೋದ. ಅವನ ಕೂದಲು ಬೆಳ್ಳಗಾಗತೊಡಗಿತು, ಪುಸ್ತಕ ಮುಗಿಯಲಿಲ್ಲ.

ಇನ್ನು ಬೀಡಿ ಎಂಬ ಊರಿನ ಕಥೆ ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಒಂದು ವರ್ಷ ಮಳೆ ಕೈಕೊಟ್ಟಿತ್ತು. ಬೀಡಿಯಲ್ಲಿ ನಮ್ಮ ದೂರದ ಸಂಬಂಧಿಕರಿದ್ದರು. ಮಳೆಗಾಗಿ ಕಪ್ಪೆಗಳ ಮದುವೆ ಮಾಡುವುದೆಂದು ಊರು ನಿರ್ಧರಿಸಿದಾಗ, ಕಪ್ಪೆಯಲ್ಲೇ ಡಾಕ್ಟರಾದವರು ನಮ್ಮವರಿದ್ದಾರೆ ಎಂದು ಅವರು ಅಭಿಮಾನದಿಂದ ಕಾಕಾನನ್ನು ಕರೆಸಿದರು. ಹೊಸ ಬುಟ್ಟಿಯಲ್ಲಿ ಅರಿಶಿಣ ಹಚ್ಚಿಸಿಕೊಂಡು ವಧೂವರರು ಕೂತಿದ್ದರು. ಡೊಳ್ಳಿನವರು ಸಿದ್ಧ, ಅಕ್ಕಿಕಾಳು ಎಲ್ಲರ ಮುಷ್ಟಿಯಲ್ಲಿ. ಕಾಕಾ ಬಗ್ಗಿ ನೋಡಿದ. ಬೆರಳು ನೋಡಿದ, ಗಂಟಲು ನೋಡಿದ.

“ಮದಿವಿ ನಿಲ್ಲಸ್ರಿ. ಇವೆರಡೂ ಗಂಡು!”

ಗೌಡರು ಹತ್ತಿರ ಬಂದು ಮೆತ್ತಗೆ, “ಹೋಗ್ಲಿ ಬಿಡ್ರಿ ಸಾಹೇಬ್ರ, ಮಳಿರಾಯಾ ಮ್ಯಾಲಿಂದ ನೋಡ್ತಾನ. ಅವಗೇನ ಅಷ್ಟು ಕಾಣ್ತೈತಿ?” ಎಂದರು. ಎಷ್ಟು ತಿಳುವಳಿಕೆಯ ಮಾತು! ಆದರೆ ಕಾಕಾ ಬಿಡುತ್ತಾನೆಯೇ? ಗಂಡು ಕಪ್ಪೆಯನ್ನು ಗುರುತಿಸುವುದು ಹೇಗೆ ಎಂಬ ಹಾಳೆ ಪಿಶವಿಯಿಂದ ಹೊರಬಂತು. ಕಟ್ಟೆಯ ಮೇಲೆ ನಿಂತು ಓದಿದ. ಗೌಡರಿಂದ ಹೊಳ್ಳಿ ಹೇಳಿಸಿದ, ಡೊಳ್ಳಿನವರಿಂದ ಹೊಳ್ಳಿ ಹೇಳಿಸಿದ. ಎಲ್ಲರೂ ಪಾಸಾಗಿ ಬುಟ್ಟಿಯತ್ತ ತಿರುಗಿದರೆ ಬುಟ್ಟಿ ಖಾಲಿ! ವರ, ಎರಡನೆಯ ವರ, ಇಬ್ಬರೂ ಪರಾರಿ. ಬೀಗರೆಲ್ಲ ಪಂಚೆ ಎತ್ತಿಕಟ್ಟಿ ಕಟ್ಟೆಯ ಸಂದಿಗಳಲ್ಲಿ ಹುಡುಕಿದರೂ ಸಿಗಲಿಲ್ಲ.

ಮದುವೆ ಆಗಲಿಲ್ಲ, ಮಳೆ ಬಂತು. ಮೂರ್ನಾಲ್ಕು ದಿನದಲ್ಲೇ ಧಾರಾಕಾರ. ಬೀಡಿಯವರು ಇದಕ್ಕೆ ಕಾರಣವನ್ನೂ ಕಂಡುಹಿಡಿದರು: “ನಿಮ್ಮ ಡಾಕ್ಟರ್ ಸಾಹೇಬ್ರ ಭಾಷಣಾ ಕೇಳಿ ಆಕಾಶಕ್ಕೂ ಕಣ್ಣೀರು ಬಂತ್ರಿ!” ಕಾಕಾ ಇದನ್ನು ಹೊಗಳಿಕೆ ಎಂದೇ ತಿಳಿದುಕೊಂಡ.

ಇಷ್ಟೆಲ್ಲ ನಗುವ ಮಾತು. ಆದರೆ ಗುಂಜಿಯಲ್ಲಿ ಒಂದು ಸಂಜೆ ನನಗೆ ನಗು ಬರಲಿಲ್ಲ.

ನಾನಾಗ ಕಾಲೇಜು ಮುಗಿಸಿ ಟೆಲಿಫೋನ್ ಆಫೀಸಿನ ಕೆಲಸಕ್ಕೆ ಸೇರಿದ್ದೆ. ಒಂದು ರವಿವಾರ ಅವ್ವನನ್ನೂ ನನ್ನನ್ನೂ ರೈಲಿನಲ್ಲಿ ಗುಂಜಿಗೆ ಕರೆದುಕೊಂಡು ಹೋದ. ಆಷಾಢದ ಮಳೆ ಜಿಟಿಜಿಟಿ ಹಿಡಿದಿತ್ತು. ಸ್ಟೇಶನ್ನಿನ ಹಿಂದಿನ ಭತ್ತದ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ಕೂತು, ತೊಡೆಯ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಹಿಂದಿನ ವರ್ಷ ಮುದ್ರಿಸಿದ್ದ ಕಪ್ಪೆಯ ಕೂಗನ್ನು ಹಚ್ಚಿದ. ಹಾದುಹೋಗುತ್ತಿದ್ದ ರೈತನೊಬ್ಬ ನಿಂತು ನೋಡಿ, “ಕಾಯ್ ಸಾಹೇಬ, ಬೇಡಕಾಲಾ ಗಾಣಂ ಶಿಕವತಾಯ್ ಕಾ?” ಎಂದು ಮರಾಠಿಯಲ್ಲಿ ಕೇಳಿದ. ಕಪ್ಪೆಗೆ ಹಾಡು ಕಲಿಸುತ್ತೀರಾ ಎಂದು! ಕಾಕಾ ಅವನಿಗೂ ಒಂದು ಹಾಳೆಯನ್ನು ಮರಾಠಿ ಮಾಡಿ ಹೇಳಿ, ಹೊಳ್ಳಿ ಹೇಳಿಸಿಯೇ ಕಳಿಸಿದ.

ಟೇಪು ಕೂಗಿತು. ಗದ್ದೆ ಸುಮ್ಮನಿತ್ತು. ಮತ್ತೆ ಹಚ್ಚಿದ. ಸುಮ್ಮನೆ. ನಾನು ಬೇಸತ್ತು, “ಕಾಕಾ, ಅವಕ್ಕೂ ನಿನ್ನ ಹಾಳಿ ಸಾಕಾಗಿರಬೇಕು” ಎಂದೆ. ಅವನು ನನ್ನತ್ತ ತಿರುಗದೆಯೇ ಹೇಳಿದ:

“ಒಂದಽ ಕಪ್ಪಿ ಭಾಳೊತ್ತು ಕೂಗಂಗಿಲ್ಲವಾ. ಆಚಿ ದಂಡಿಯಿಂದ ಜವಾಬು ಬಂದ್ರ ಮಾತ್ರ ಜೋರ ಆಗ್ತೈತಿ. ಬರಲಿಲ್ಲಂದ್ರ ಹಂಗಽ ಸುಮ್ಮಗಾಗಿ ಬಿಡ್ತೈತಿ.”

ಸ್ವಲ್ಪ ಹೊತ್ತಿಗೆ ಗದ್ದೆಯ ಆಚೆ ಬದಿಯಿಂದ ಒಂದು ಸಣ್ಣ ಕೂಗು ಬಂತು. ಆಮೇಲೆ ಇನ್ನೊಂದು. ನೋಡುತ್ತಿದ್ದಂತೆ ಇಡೀ ಗದ್ದೆ ಎದ್ದು ನಿಂತು ಕೂಗಿದ ಹಾಗಾಯಿತು. ಕಾಕಾ ಟೇಪು ನಿಲ್ಲಿಸಿ ಕೂತೇ ಇದ್ದ. ದೂರದಲ್ಲಿ ರೈಲು ಸಿಳ್ಳೆ ಹಾಕಿತು. ಅವ್ವ ಗಡಿಬಿಡಿಯಿಂದ ಎದ್ದಳು. ಅವನು ಏಳಲಿಲ್ಲ. “ಈಗಷ್ಟಽ ಜವಾಬು ಕೊಡಾಕತ್ತಾವ ವೈನಿ. ನಡುವಽ ಎದ್ದು ಹೋದ್ರ ಅವು ಏನ ತಿಳ್ಕೋಬೇಕು?” ಎಂದ. ರೈಲು ನಮ್ಮನ್ನು ಬಿಟ್ಟು ಹೋಯಿತು. ನಾನು ಬೈಯಲು ಬಾಯಿ ತೆರೆದೆ. ಅವನ ಮುಖ ನೋಡಿ ಮುಚ್ಚಿದೆ. ಯಾರೋ ಬಹಳ ದಿನದ ಮೇಲೆ ಹೆಸರು ಹಿಡಿದು ಕರೆದಂತೆ ಕೂತಿದ್ದ. ನನಗೆ ಟಿಳಕವಾಡಿಯ ಆ ಎರಡು ಖೋಲಿ ನೆನಪಾದವು. ಮುಂದಿನ ರೈಲು ಬರುವವರೆಗೂ ಮೂವರೂ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಅವ್ವ ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದೆವು.

ಹೀಗೆ ಹತ್ತು ವರ್ಷಕ್ಕೂ ಮೀರಿ ಪುಸ್ತಕ ಬೆಳೆಯಿತು. ಆ ಹುಡುಗಿಯ ಪ್ರಶ್ನೆಯ ಅಧ್ಯಾಯವೊಂದನ್ನು ಬಿಟ್ಟರೆ ಎಲ್ಲ ಹಾಳೆಗಳೂ ಪಾಸಾಗಿದ್ದವು. ಆದರೂ ಕೇಳಿದಾಗಲೆಲ್ಲ, “ಇಲ್ಲಽ, ಇನ್ನೊಂದು ಹಾಳಿ ಕೇಳಸೂದೈತಿ” ಎನ್ನುತ್ತಿದ್ದ. ಪಾಸಾದ ಹಾಳೆಗಳನ್ನೇ ಮತ್ತೆ ಪರೀಕ್ಷೆಗೆ ಕೂರಿಸುತ್ತಿದ್ದ! ಕೊನೆಗೆ ಅಪ್ಪನೇ ಪರಿಚಯದ ಒಬ್ಬ ಮುದ್ರಣಾಲಯದವರಿಗೆ ಹಾಳೆಗಳ ಕಟ್ಟನ್ನು ಕೊಟ್ಟುಬಂದ. ಇದರಿಂದ ತಮ್ಮನಿಗೆ ಒಳ್ಳೆಯದಾಗುತ್ತದೆ, ತನಗೂ ಪತ್ರಿಕೆ ನೆಟ್ಟಗೆ ಹಿಡಿದು ಓದಲು ಸಿಗುತ್ತದೆ ಎಂದು ಅವನ ಲೆಕ್ಕ.

ಪುಸ್ತಕ ಬಂತು. ಹಸಿರು ಮುಖಪುಟ, ಮೇಲೊಂದು ಗಂಟಲು ಉಬ್ಬಿಸಿದ ಕಪ್ಪೆ. ಎಷ್ಟು ಚೆನ್ನಾಗಿತ್ತೆಂದರೆ ಕುಂದು ಹುಡುಕಲು ಹೊರಟ ನಾನೇ ಕೂತಲ್ಲೇ ಓದಿ ಮುಗಿಸಿದೆ. ಕಠಿಣ ಶಬ್ದ ಒಂದೂ ಇರಲಿಲ್ಲ. ಗಿರಣಿಯವನ ಫುಗ್ಗಾ ಇತ್ತು, ಅವ್ವನ ತವರುಮನೆ ಇತ್ತು. ಬೀಡಿಯ ಗೌಡರು ನಾಲ್ಕು ಪ್ರತಿ ತರಿಸಿಕೊಂಡರು. ಗಿರಣಿಯಲ್ಲಿ ಪಾಳಿ ನಿಂತವರು ಅದನ್ನು ಓದುತ್ತ ನಿಂತದ್ದನ್ನು ನಾನೇ ಕಣ್ಣಾರೆ ಕಂಡೆ. ಸಂಶೋಧನೆಯೊಂದು ಕೀಲಿ ಹಾಕಿದ ಕಪಾಟಿನಿಂದ ಹಿಟ್ಟಿನ ಡಬ್ಬಿಯವರೆಗೆ ಬರುವುದೆಂದರೆ ಸಾಮಾನ್ಯವೇ? ನಾವೆಲ್ಲ ಹೆಮ್ಮೆಯಿಂದ ಬೀಗಿದೆವು.

ಕಾಕಾ ಮಾತ್ರ ಬೀಗಲಿಲ್ಲ. ಪುಸ್ತಕ ಬಂದ ವಾರ ಅವನು ಅಭ್ಯಾಸದಂತೆ ಗಿರಣಿಗೆ ಹೋದ. ಮಾಲಕ ಖುಷಿಯಿಂದ, “ಪುಸ್ತಕ ತಗೊಂಡೀನ್ರಿ ಸರ್. ಎಲ್ಲಾ ತಿಳೀತೈತ್ರಿ, ನೀವಿನ್ನ ತ್ರಾಸ ತಗೋಬ್ಯಾಡ್ರಿ” ಎಂದ. ಬಾಜು ಮನೆಯ ಅಜ್ಜಿಯೂ ಅದನ್ನೇ ಹೇಳಿದಳು, ಮೊಮ್ಮಗಳು ಓದಿ ಹೇಳುತ್ತಾಳಂತೆ. ಆ ಹೊತ್ತಿಗೆ ಟಿಳಕವಾಡಿಯ ಮನೆಗಳಿಗೆ ಟಿ.ವಿ. ಕೂಡ ಬರತೊಡಗಿತ್ತು. ಸಂಜೆಯಾದರೆ ಬಾಗಿಲುಗಳು ಮುಚ್ಚಿಕೊಂಡು ಒಳಗಿನಿಂದ ನೀಲಿ ಬೆಳಕು ಬರುತ್ತಿತ್ತು. ಎಲ್ಲರಿಗೂ ತಿಳಿಯುವ ಹಾಗೆ ಬರೆಯಬೇಕೆಂದು ಇಷ್ಟು ವರ್ಷ ಒದ್ದಾಡಿದನಲ್ಲ, ಈಗ ಎಲ್ಲರಿಗೂ ತಿಳಿದುಬಿಟ್ಟಿತ್ತು. ಅವನ ಅಗತ್ಯ ಯಾರಿಗೂ ಉಳಿಯಲಿಲ್ಲ.

ಒಂದು ಸಂಜೆ ನಮ್ಮ ಗೇಟಿನ ಹತ್ತಿರ ನಿಂತಿದ್ದ. ಹೆಗಲಲ್ಲಿ ಪಿಶವಿ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಿಸೆಗೆ, ಒಮ್ಮೆ ಬೆನ್ನ ಹಿಂದೆ ಇಡುತ್ತಿದ್ದ. “ಬಾ ಒಳಗ” ಎಂದೆ. “ಇಲ್ಲಬೇ, ಹಂಗಽ ಬಂದಿದ್ದೆ” ಎಂದು ತಿರುಗಿ ಹೋಗಿಬಿಟ್ಟ. ಮರುದಿನವೂ ಬಂದ, ಮರುದಿನವೂ ಹೋದ. ನನಗೆ ಆಗ ಹೊಳೆಯಿತು. ಇಷ್ಟು ವರ್ಷದಲ್ಲಿ ಅವನು ಯಾರ ಮನೆಗೂ ‘ಹಂಗಽ’ ಬಂದವನಲ್ಲ. ಕೈಯಲ್ಲೊಂದು ಹಾಳೆ ಇದ್ದರೆ ಯಾವ ಹೊಸ್ತಿಲ ಮೇಲಾದರೂ ಕೂರಬಲ್ಲವನಾಗಿದ್ದ. ಹಾಳೆ ಇಲ್ಲದೆ ಸ್ವಂತ ಅಣ್ಣನ ಮನೆಯೊಳಗೆ ಬರುವುದೂ ಅವನಿಗೆ ಗೊತ್ತಿರಲಿಲ್ಲ. ಸುಮ್ಮನೆ ಬಂದು ಕೂತು, ಸುಮ್ಮನೆ ಚಹಾ ಕುಡಿದು, ಸುಮ್ಮನೆ ಎದ್ದು ಹೋಗುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಇದನ್ನು ಅವ್ವನಿಗೆ ಹೇಳಿದೆ. ಪುಸ್ತಕವನ್ನು ಅವಳು ಆಗಲೇ ಎರಡು ಸಲ ಓದಿ ಮುಗಿಸಿದ್ದಳು. ಮಧ್ಯಾಹ್ನ ಚಶ್ಮಾ ಹಾಕಿಕೊಂಡು ಓದುತ್ತ ಒಬ್ಬಳೇ ನಗುತ್ತಿದ್ದಳು. ಮನೆಗೆ ಬಂದವರಿಗೆಲ್ಲ ಅದರ ಪುಟಗಟ್ಟಲೆ ಬಾಯಿಂದಲೇ ಹೇಳುತ್ತಿದ್ದಳು. ಊರಿನಲ್ಲಿ ಕಾಕಾನ ನಂತರ ಕಪ್ಪೆಯ ವಿಷಯದಲ್ಲಿ ಪಂಡಿತರು ಯಾರಾದರೂ ಇದ್ದರೆ ಅದು ನಮ್ಮವ್ವನೇ.

ಮರುದಿನ ಸಂಜೆ ಕಾಕಾ ಗೇಟಿನ ಹತ್ತಿರ ಕಂಡ ಕೂಡಲೇ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಬಂದವಳೇ ಜೋರಾಗಿ ತಕರಾರು ತೆಗೆದಳು:

“ತಮ್ಮಾ, ಎಂಥಾ ಪುಸ್ತಕಾ ಬರದೀಯೋ? ನನಗೊಂದಕ್ಷರ ತಿಳೀಲಿಲ್ಲ ನೋಡು!”

ನಾನು ಬೆಪ್ಪಾಗಿ ಅವಳನ್ನೇ ನೋಡಿದೆ. ಕಾಕಾನ ಮುಖ ಕಪ್ಪಿಟ್ಟಿತು. “ಒಂದಕ್ಷರ? ಯಾವ ಹಾಳಿ ವೈನಿ?”

“ಮೊದಲನೇ ಹಾಳಿಯಿಂದಽ ತಿಳಿವಲ್ದು. ನೀ ಓದಿ ಹೇಳಿದ್ರ ತಿಳೀತಿತ್ತು. ಬರೇ ಪುಸ್ತಕಾ ಹಿಡ್ಕೊಂಡ್ರ ಏನೂ ಆಗವಲ್ದು. ದಿನಾ ಬಂದು ಒಂದೊಂದು ಹಾಳಿ ಓದಿ ಹೇಳು. ಅವಸರಾ ಏನಿಲ್ಲ. ಬಾ ಒಳಗ.”

ಕಾಕಾ ಒಳಗೆ ಬಂದ. ತನ್ನ ಹಳೆಯ ಹೊಸ್ತಿಲ ಮೇಲೆ ಕೂತ. ನಾನು ಪುಸ್ತಕ ತಂದು ಕೈಗೆ ಕೊಟ್ಟೆ. ಶುರುವಿನಲ್ಲಿ ಧ್ವನಿ ಸಣ್ಣಗಿತ್ತು, ಎರಡು ಸಾಲು ಕಳೆಯುತ್ತಲೇ ಗಿರಣಿಯ ಧ್ವನಿ ಬಂತು. ಒಳಗೆ ಅಪ್ಪ ಪತ್ರಿಕೆ ಬಿಡಿಸಿದ ಸಪ್ಪಳ ಕೇಳಿಸಿತು. ತವರುಮನೆಯ ಸಾಲು ಮುಗಿಸಿ ಕಾಕಾ ತಲೆ ಎತ್ತಿ, “ತಿಳೀತ್ರಿ ವೈನಿ? ಹೊಳ್ಳಿ ಹೇಳ್ರಿ ನೋಡೂಣು” ಎಂದ.

ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ನಿಧಾನವಾಗಿ ಹೇಳಿದಳು: “ಕಪ್ಪಿಗೆ ನೆಲ ತವರಮನಿ. ನೀರು ಗಂಡನ ಮನಿ. ಹಡ್ಯಾಕ... ಗಂಡನ ಮನ್ಯಾಗಽ ಕುಂದರ್ತೈತಿ.”

ಎಲ್ಲವೂ ತಪ್ಪು. ಅವಳೇ ಹುಟ್ಟಿಸಿದ ಮಾತು, ಅವಳೇ ಹಿಂದುಮುಂದು ಮಾಡಿ ಹೇಳಿದ್ದಳು. ಕಾಕಾ ಬಹಳ ಹೊತ್ತು ಅವಳನ್ನೇ ನೋಡಿದ. ಅವ್ವ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಎದುರಿಗಿದ್ದ ಮನುಷ್ಯರ ಮಾತು ಅವನಿಗೆ ತಿಳಿಯುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಅವತ್ತು ತಿಳಿಯಿತು. ಚಶ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸುತ್ತಲೇ ಇದ್ದ.

“ತಪ್ಪ ಹೇಳಿದ್ರಿ ವೈನಿ” ಎಂದ ಕೊನೆಗೆ. “ನಾಳಿಗೆ ಮತ್ತ ಇದಽ ಹಾಳಿ ಓದಬೇಕಾಗ್ತೈತಿ.”

“ಓದು. ನನಗ ಲಗೂನ ತಿಳಿಯಂಗಿಲ್ಲ ನೋಡು” ಎಂದು ಅವ್ವ ನನ್ನತ್ತ ತಿರುಗಿ, ಕಾಕಾನಿಗೂ ಒಂದು ತಾಟು ಹಾಕಲು ಹೇಳಿದಳು.